ಸೇಂಟ್ ಏಡನ್ಸ್, ಲೀಡ್ಸ್: ಹಳೆ ಕಲ್ಲಿದ್ದಲು ಗಣಿಯ ಜೌಗಿನಲ್ಲಿ ಮೇ ತಿಂಗಳ ಹಕ್ಕಿ ನಡಿಗೆ. ದಾರಿ, ಹೊತ್ತು, ಸಲಕರಣೆ ಹೇಗೆ?

ಹೊಳೆದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಲೀಡ್ಸ್ ಮತ್ತು ಕ್ಯಾಸಲ್‌ಫರ್ಡ್ ನಡುವೆ ಇರುವ, ಬ್ರಿಟನ್ನಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಸೇಂಟ್ ಏಡನ್ಸ್‌ಗೆ ಮೇ ಮೊದಲ ವಾರ ಎಂಟು ಜನ ಹೋಗುವವರಿದ್ದೇವೆ. ಗುಂಪಿನಲ್ಲಿ ಮೈಸೂರಿನಿಂದ ಬಂದಿರುವ ಇಬ್ಬರು ಹಿರಿಯರು, ಒಂಬತ್ತು ವರ್ಷದ ಒಬ್ಬ ಹುಡುಗಿ ಇದ್ದಾರೆ. ಹಿರಿಯರಿಗೆ ನಮ್ಮ ಕೆರೆಯ ಹಕ್ಕಿಗಳು ಚೆನ್ನಾಗಿ ಗೊತ್ತು, ಇಲ್ಲಿನವು ಹೊಸದು. ಕೈಯಲ್ಲಿರುವುದು ಎರಡು 8×42 ದುರ್ಬೀನು (ಎಂಟು ಪಟ್ಟು ಹಿಗ್ಗಿಸುವುದು, ಮಸೂರ 42 ಮಿ.ಮೀ.), ಒಂದು ಹಳೆಯ 10×50, ಮತ್ತು 20–60 ಪಟ್ಟಿನ ಸ್ಕೋಪ್ ಒಂದು. ನಾಲ್ಕು ಗಂಟೆ ಸಮಯ.

ತಿಳಿಯಬೇಕಾದದ್ದು: ಯಾವ ಕಡೆಯಿಂದ ನಡಿಗೆ ಶುರು ಮಾಡಬೇಕು? ಕಪ್ಪುಕತ್ತಿನ ಗುಳುಮುಳುಕವನ್ನು (ಬ್ಲ್ಯಾಕ್-ನೆಕ್ಡ್ ಗ್ರೀಬ್) ಮಾಮೂಲಿ ಗುಳುಮುಳುಕದಿಂದ ದೂರದಲ್ಲೇ ಬೇರ್ಪಡಿಸುವುದು ಹೇಗೆ? ಜೊಂಡಿನಲ್ಲಿ ಅಡಗಿರುವ ಬಕದ ಜಾತಿಯ ಹಕ್ಕಿ ಬಿಟರ್ನ್ ಕಾಣುವ ಸಾಧ್ಯತೆ ಇದೆಯೇ, ಅಥವಾ ಕೂಗು ಕೇಳುವುದಷ್ಟೇ ಸಾಕೆಂದುಕೊಳ್ಳಬೇಕೇ? ಇಂಥ ಜಾಗದಲ್ಲಿ ಸಾಮಾನ್ಯವಾಗಿ ಏನು ತಪ್ಪಾಗುತ್ತದೆ ಅನ್ನುವುದನ್ನೂ ದಯವಿಟ್ಟು ತಿಳಿಸಿ.

ಕೋಡಿಹಳ್ಳ ಉತ್ತರ:

ಮೊದಲು ನೆಲವನ್ನು ತಿಳಿದುಕೊಳ್ಳಿ, ಹಕ್ಕಿ ಆಮೇಲೆ ತಾನಾಗಿ ಸಿಗುತ್ತದೆ. ಅದು ತೆರೆದ ಕಲ್ಲಿದ್ದಲು ಗಣಿ ಇದ್ದ ಜಾಗ. 1988ರ ಮಾರ್ಚ್‌ನಲ್ಲಿ ಪಕ್ಕದ ಏರ್ ನದಿಯ ದಂಡೆ ಕುಸಿದು ನದಿ ಪೂರ್ತಿ ಗಣಿಯೊಳಗೆ ನುಗ್ಗಿತು. ಕೆಳಗಿನ ಕಲ್ಲಿದ್ದಲು ತೆಗೆಯುವುದಕ್ಕೆ ನದಿಯನ್ನೂ ದೋಣಿ ಕಾಲುವೆಯನ್ನೂ ಬೇರೆ ಪಾತ್ರಕ್ಕೆ ತಿರುಗಿಸಿ, ತುಂಬಿದ ನೀರನ್ನು ಪಂಪ್ ಮಾಡಿ ಹೊರಹಾಕಬೇಕಾಯಿತು. ಗಣಿ ನಿಂತದ್ದು 2002ರಲ್ಲಿ, ಜನರಿಗೆ ತೆರೆದದ್ದು 2013ರಲ್ಲಿ. ಅಂದರೆ ಈಗ ಕಾಣುವ ಗುಡ್ಡ, ಕೆರೆ, ಜೊಂಡು ಎಲ್ಲವೂ ಮೇಲ್ಮಣ್ಣನ್ನು ಯಂತ್ರದಲ್ಲಿ ತಳ್ಳಿ ಮಾಡಿದವು.

ಇದು ಯಾಕೆ ಮುಖ್ಯ ಅಂದರೆ, ನಮ್ಮ ಕೆರೆಗಳಲ್ಲಿ ಲೆಕ್ಕ ಸುಲಭ. ಏರಿಯ ಹತ್ತಿರ ಆಳ, ಹಳ್ಳ ಬಂದು ಸೇರುವ ಕಡೆ ತೆಳುನೀರು, ಆಮೇಲೆ ಕೆರೆಯಂಗಳ. ಏರಿ ಮೇಲೆ ನಿಂತವನಿಗೆ ಮುಳುಗುವ ಬಾತು ಹತ್ತಿರ, ಕೊಕ್ಕರೆ ಗೊರವಗಳು ದೂರ. ಸೇಂಟ್ ಏಡನ್ಸ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಆಳ ಎಲ್ಲಿ ಬೇಕೋ ಅಲ್ಲಿ ತೋಡಿದ್ದಾರೆ, ಜೊಂಡು ಎಲ್ಲಿ ಬೇಕೋ ಅಲ್ಲಿ ಬೆಳೆಸಿದ್ದಾರೆ. ಹಾಗಾಗಿ ಪ್ರತಿಯೊಂದು ನೀರಿನ ಮುಂದೆ ನಿಂತಾಗಲೂ ಮೊದಲು ಆಳ ಓದಬೇಕು. ಬಣ್ಣ ಕಪ್ಪಾಗಿ, ಗಾಳಿಗೆ ದೊಡ್ಡ ಅಲೆ ಏಳುತ್ತಿದ್ದರೆ ಆಳ: ಅಲ್ಲಿ ಟಫ್ಟೆಡ್ ಬಾತು, ಪೋಚಾರ್ಡ್, ಜುಟ್ಟಿನ ಗುಳುಮುಳುಕ. ಬಾತು ತಲೆಕೆಳಗಾಗಿ ಬಾಲ ಮೇಲೆತ್ತಿ ಮೇಯುತ್ತಿದ್ದರೆ ಒಂದೂವರೆ ಗೇಣು, ಎರಡು ಗೇಣು ನೀರು: ಗ್ಯಾಡ್ವಾಲ್, ಮಲ್ಲಾರ್ಡ್, ಚಲುಕದ ಬಾತು. ಕೆಂಬಣ್ಣದ ಕೆಸರು ಕಾಣುತ್ತಿದ್ದರೆ ಅಲ್ಲಿ ಲ್ಯಾಪ್‌ವಿಂಗ್, ರೆಡ್‌ಶ್ಯಾಂಕ್, ಅವೊಸೆಟ್. ಜೊಂಡಿನ ಬುಡದಲ್ಲಿ ಒಂದು ಗೇಣಿನಷ್ಟು ನೀರು ನಿಂತಿದ್ದರೆ ಅದು ಬಿಟರ್ನ್ ಜಾಗ.

ಕಲ್ಲು ಜಲ್ಲಿ ಬಿದ್ದ ಬೋಳು ನೆಲವನ್ನು ಬಿಡಬೇಡಿ. ಲಿಟಲ್ ರಿಂಗ್ಡ್ ಪ್ಲವರ್ ನಮ್ಮ ಕೆರೆಯಂಗಳದಲ್ಲಿ ಓಡಾಡುವ ಅದೇ ಪುಟ್ಟ ಹಕ್ಕಿ. ಬ್ರಿಟನ್ನಿನಲ್ಲಿ ಅದು ಮೊದಲ ಸಲ ಗೂಡು ಮಾಡಿದ್ದು 1938ರಲ್ಲಿ, ಅದೂ ಒಂದು ಜಲಾಶಯದ ಅಂಗಳದಲ್ಲಿ. ಆಮೇಲೆ ಅಲ್ಲಿ ಹರಡಿದ್ದೇ ಜಲ್ಲಿ ಗುಂಡಿ, ಗಣಿ, ಕಾರ್ಖಾನೆಯ ಬೋಳು ನೆಲ ಹಿಡಿದು. ಕಣ್ಣ ಸುತ್ತ ಹಳದಿ ಬಳೆ, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟಿ ಇರುವುದಿಲ್ಲ. ಬಿಳಿ ಪಟ್ಟಿ ಕಂಡು, ಕಾಲು ಕಿತ್ತಳೆ ಬಣ್ಣದ್ದಾದರೆ ಅದು ರಿಂಗ್ಡ್ ಪ್ಲವರ್.

ಇನ್ನು ದಾರಿ. ಪ್ರವಾಸಿ ಕೇಂದ್ರ ಉತ್ತರದಲ್ಲಿ, ಗುಡ್ಡದ ಮೇಲೆ. ನೀರೆಲ್ಲ ಕೆಳಗೆ, ನದಿ ದಕ್ಷಿಣಕ್ಕೆ. ಮೇಲಿನಿಂದ ಇಡೀ ಜೌಗು ಚಂದ ಕಾಣುತ್ತದೆ, ಎಲ್ಲರೂ ಅಲ್ಲೇ ಅರ್ಧ ಗಂಟೆ ಕಳೆಯುತ್ತಾರೆ. ಆದರೆ ಅಲ್ಲಿಂದ ನೋಡುವುದು ದಕ್ಷಿಣಕ್ಕೆ. ಬಿಸಿಲು ಏರುತ್ತಿದ್ದಂತೆ ನೀರು ತಗಡಿನಂತೆ ಹೊಳೆಯುತ್ತದೆ, ಹಕ್ಕಿಯೆಲ್ಲ ಕಪ್ಪು ಬೊಟ್ಟಾಗಿ ಕಾಣುತ್ತವೆ. ಹತ್ತು ನಿಮಿಷ ಸಾಕು. ಬೇಗ ಇಳಿದು ಜೊಂಡಿನ ನಡುವಿನ ಎತ್ತರಿಸಿದ ಕಾಸ್‌ವೇ ದಾರಿಗೆ ಹೋಗಿ, ಅಲ್ಲಿ ದಿನದ ಮುಕ್ಕಾಲು ಭಾಗ ಕಳೆಯಿರಿ. ಬೆಳಗಿನ ಮೊದಲ ಎರಡು ಗಂಟೆ ಪೂರ್ವದ ನೀರನ್ನು ನೋಡಬೇಡಿ, ಪಶ್ಚಿಮದ ಜೊಂಡಿನ ಕಡೆ ಮುಖ ಮಾಡಿ. ಹತ್ತು ಗಂಟೆ ಆದಮೇಲೆ ನದಿ ಕಡೆಯ ದಾರಿಗೆ ಬಂದು ಉತ್ತರಕ್ಕೆ ನೋಡಿ, ಬೆಳಕು ಬೆನ್ನಿಗೆ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ, ನಡುಹಗಲು ಬರುವುದು ಒಂದು ಗಂಟೆಗೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಗುಂಪಿನಲ್ಲಿ ಹಕ್ಕಿ ನೋಡುತ್ತ ನಡೆದರೆ ಗಂಟೆಗೆ ಒಂದು ಕಿಲೋಮೀಟರ್, ಹೆಚ್ಚೆಂದರೆ ಒಂದೂವರೆ. ನಾಲ್ಕು ಗಂಟೆಯಲ್ಲಿ ಇಡೀ ಸುತ್ತು ಹಾಕಲು ಹೊರಟರೆ ಓಡಬೇಕಾಗುತ್ತದೆ. ಗುಡ್ಡ ಹತ್ತುವುದು ಕೊನೆಗೆ ಬರುತ್ತದೆ, ಹಿರಿಯರಿಗೆ ದಣಿವಾದ ಮೇಲೆ. ಅದಕ್ಕೆ ಅರ್ಧ ಗಂಟೆ ಪ್ರತ್ಯೇಕ ಇಡಿ.

ಜುಟ್ಟಿನಕ್ಕಿ ಉತ್ತರ:

ಗುಳುಮುಳುಕದ ಪ್ರಶ್ನೆಗೆ ನನ್ನ ಉತ್ತರ.

ಮಾಮೂಲಿ ಗುಳುಮುಳುಕ ಹಿರಿಯರಿಗೆ ಗೊತ್ತಿರುವುದೇ, ಅಲ್ಲಿರುವುದೂ ಅದೇ ಜಾತಿ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಮೇ ತಿಂಗಳಲ್ಲಿ ಅದರ ಕೆನ್ನೆ, ಕತ್ತಿನ ಮುಂಭಾಗ ಕಂದುಗೆಂಪು, ಕೊಕ್ಕಿನ ಬುಡದಲ್ಲಿ ತಿಳಿಹಳದಿ ಚುಕ್ಕೆ. ಹಿಂಭಾಗ ಹತ್ತಿಯ ಉಂಡೆ ಇಟ್ಟಂತೆ ದುಂಡಗೆ. ಕಪ್ಪುಕತ್ತಿನದು ಸ್ವಲ್ಪ ದೊಡ್ಡದು, ಕತ್ತು ಉದ್ದ, ಪೂರ್ತಿ ಕಪ್ಪು. ಹಣೆ ಕಡಿದಾಗಿ ಎದ್ದು ನೆತ್ತಿ ಗೋಪುರದ ಹಾಗೆ ಚೂಪು. ಕೊಕ್ಕು ತೆಳ್ಳಗೆ, ತುದಿ ತುಸು ಮೇಲಕ್ಕೆ ಬಾಗಿದಂತೆ. ಕಣ್ಣು ಕಡುಕೆಂಪು, ಅದರ ಹಿಂದೆ ಬೀಸಣಿಗೆ ಬಿಚ್ಚಿದಂತೆ ಹೊಂಬಣ್ಣದ ಗರಿ. ದೂರದಲ್ಲಿ ಈ ಹೊಂಬಣ್ಣವೇ ಮೊದಲು ಕಾಣುವುದು, ಆದರೆ ಬೆಳಕಿಗೆ ಎದುರು ನೋಡಿದರೆ ಅದು ಮಾಯ. ಆಗ ನೆತ್ತಿಯ ಆಕಾರ ನೋಡಿ.

ಹುಡುಕುವ ಕ್ರಮ: ಮೊದಲು, ಕಡಲಹಕ್ಕಿ ಜಾತಿಯ ಬ್ಲ್ಯಾಕ್‌ಹೆಡೆಡ್ ಗಲ್‌ಗಳ ಗದ್ದಲ ಎಲ್ಲಿದೆ ನೋಡಿ. ಈ ಗುಳುಮುಳುಕ ಗಲ್ ಕಾಲೊನಿಯ ಅಂಚಿಗೆ ಗೂಡು ಕಟ್ಟುತ್ತದೆ. ಕಾಗೆಯೋ ಸೆಳೆವ ಎಂಬ ಬೇಟೆಹಕ್ಕಿಯೋ ಬಂದರೆ ಗಲ್‌ಗಳು ಮೇಲೆದ್ದು ಅಟ್ಟುತ್ತವೆ, ಆ ಕಾವಲು ಇದಕ್ಕೆ ಪುಕ್ಕಟೆ. ಗೂಡು ನೀರಿನ ಗಿಡಗಳಿಗೆ ಸಿಕ್ಕಿಸಿ ತೇಲಬಿಟ್ಟ ಕೊಳೆತ ಸೊಪ್ಪಿನ ಗುಡ್ಡೆ. ನೀರು ನಿಧಾನ ಏರಿದರೆ ಗೂಡೂ ಏರುತ್ತದೆ. ಮಳೆಗೆ ಥಟ್ಟನೆ ಏರಿದರೆ ಮುಳುಗಿ ಮೊಟ್ಟೆ ಹಾಳು. ಆದ್ದರಿಂದ ಏಪ್ರಿಲ್ ಕೊನೆಗೆ ಜೋರು ಮಳೆಯಾದ ವರ್ಷ ಅವು ಮತ್ತೆ ಗೂಡು ಹೂಡಲು ಜಾಗ ಬದಲಿಸುವುದುಂಟು, ಹಿಂದಿನ ವರ್ಷದ ಫೋಟೋ ನೋಡಿಕೊಂಡು ಅದೇ ಮೂಲೆಗೆ ಹೋಗಿ ಕಾಯಬೇಡಿ.

ಒಮ್ಮೆ ಮುಳುಗಿದರೆ ಅರ್ಧ ನಿಮಿಷದಷ್ಟು ಕಾಣುವುದಿಲ್ಲ. ಹೊಸಬರು ಮುಳುಗಿದ ಜಾಗದಲ್ಲೇ ದುರ್ಬೀನು ನೆಟ್ಟು ಕಾಯುತ್ತಾರೆ, ಅದು ಹತ್ತು ಹದಿನೈದು ಮೀಟರ್ ಆಚೆ ಎದ್ದಿರುತ್ತದೆ. ದುರ್ಬೀನು ಇಳಿಸಿ ಬರಿಗಣ್ಣಲ್ಲಿ ಅಗಲಕ್ಕೆ ನೋಡುತ್ತಿರಿ, ಅಲೆಯ ಬಳೆ ಕಂಡಾಗ ಎತ್ತಿ.

ಗಲ್‌ಗಳ ನಡುವೆ ಒಂದಿಷ್ಟು ಮೆಡಿಟರೇನಿಯನ್ ಗಲ್ ಇರಬಹುದು. ಬ್ಲ್ಯಾಕ್‌ಹೆಡೆಡ್‌ನ ತಲೆ ಹೆಸರಿಗೆ ಕಪ್ಪು, ನಿಜದಲ್ಲಿ ಕಾಫಿಪುಡಿಯ ಕಂದು. ಮೆಡಿಟರೇನಿಯನ್‌ದು ಮಸಿ ಕಪ್ಪು, ರೆಕ್ಕೆಯ ತುದಿ ಪೂರ್ತಿ ಬಿಳಿ. ನಮ್ಮ ಕರಾವಳಿಯಲ್ಲಿ ಕಾಣುವ ಬ್ರೌನ್‌ಹೆಡೆಡ್ ಗಲ್‌ಗೆ ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಕಿಟಕಿ ಇರುತ್ತದೆ. ಅದು ಅಲ್ಲಿಲ್ಲ, ಹಿರಿಯರು ಅದೇ ಅಂದುಕೊಳ್ಳಬಹುದು.

ಗಾಜುಗಣ್ಣು ಉತ್ತರ:

ಸಲಕರಣೆ ಬಗ್ಗೆ. 10×50 ಅನ್ನು ಕಾರಿನಲ್ಲೇ ಬಿಡಿ. ತೂಕ ಜಾಸ್ತಿ, ಹತ್ತು ಪಟ್ಟಿನಲ್ಲಿ ಕೈ ನಡುಕವೂ ಹತ್ತು ಪಟ್ಟು, ಆ ಬಯಲು ಗಾಳಿಯಲ್ಲಿ ಚಿತ್ರ ನಿಲ್ಲುವುದಿಲ್ಲ. 8×42 ಎರಡನ್ನೂ ಹಿರಿಯರಿಗೆ ಕೊಡಿ.

ಹುಡುಗಿಗೆ 42ರ ದುರ್ಬೀನು ಹೊಂದುವುದು ಕಷ್ಟ. ಮಕ್ಕಳ ಎರಡು ಕಣ್ಣಿನ ನಡುವಿನ ಅಂತರ ಕಡಿಮೆ, ದೊಡ್ಡ ದುರ್ಬೀನಿನ ನಳಿಗೆಗಳು ಅಷ್ಟು ಹತ್ತಿರ ಬರುವುದಿಲ್ಲ. ಪರೀಕ್ಷೆ ಸುಲಭ: ಪೂರ್ತಿ ಮಡಚಿ ನೋಡಿದಾಗಲೂ ಎರಡು ವೃತ್ತ ಒಂದಾಗದೆ ಬದಿಯಲ್ಲಿ ಕಪ್ಪು ನೆರಳು ಬಂದರೆ ಅದು ಅವಳಿಗೆ ಅಲ್ಲ. ಒಂದು 8×25 ಎರವಲು ತನ್ನಿ. ಇಲ್ಲದೆ ಹೋದರೆ ಅವಳು ಹತ್ತು ನಿಮಿಷಕ್ಕೆ ಬೇಸತ್ತು ಕೂರುತ್ತಾಳೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಹೊರಡುವ ಮುನ್ನ ಮನೆಯಲ್ಲೇ ಡಯಾಪ್ಟರ್ (ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಬಳೆ) ಸರಿಮಾಡಿ. ಐವತ್ತು ಮೀಟರ್ ದೂರದ ಬೋರ್ಡಿನ ಅಕ್ಷರ ಹಿಡಿಯಿರಿ. ಬಲಗಡೆಯ ಮಸೂರಕ್ಕೆ ಮುಚ್ಚಳ ಹಾಕಿ, ಎಡಗಣ್ಣಲ್ಲಿ ನೋಡುತ್ತ ನಡುಚಕ್ರ ತಿರುಗಿಸಿ ಚೂಪು ಮಾಡಿ. ಆಮೇಲೆ ಮುಚ್ಚಳ ಎಡಕ್ಕೆ ಬದಲಿಸಿ, ನಡುಚಕ್ರ ಮುಟ್ಟದೆ ಬಲಗಣ್ಣಿನ ಬಳೆ ಮಾತ್ರ ತಿರುಗಿಸಿ. ಕಣ್ಣು ಕಿವುಚಿ ಮುಚ್ಚಬೇಡಿ, ತೆರೆದ ಕಣ್ಣಿನ ದೃಷ್ಟಿಯೂ ಬದಲಾಗುತ್ತದೆ. ಕನ್ನಡಕ ಹಾಕಿರುವವರು ಐಕಪ್ (ಕಣ್ಣಿಗೆ ತಾಗುವ ಬಟ್ಟಲು) ಪೂರ್ತಿ ಒಳಕ್ಕೆ ತಳ್ಳಬೇಕು, ಹಾಕದವರು ಹೊರಕ್ಕೆ ಎಳೆಯಬೇಕು. ಇಬ್ಬರು ಒಂದೇ ದುರ್ಬೀನು ಹಂಚಿಕೊಂಡರೆ ಪ್ರತಿ ಸಲ ಇದೆಲ್ಲ ಕೆಡುತ್ತದೆ, ಅದಕ್ಕೇ ಒಬ್ಬರಿಗೆ ಒಂದು ಅಂತ ಹೇಳಿದ್ದು.

ಸ್ಕೋಪ್ ತನ್ನಿ, ಆದರೆ 20–25 ಪಟ್ಟಿನಲ್ಲೇ ಇಡಿ. 60ಕ್ಕೆ ತಿರುಗಿಸಿದರೆ ಬೆಳಕು ಕಡಿಮೆ, ನಡುಕ ಜಾಸ್ತಿ. ಬಿಸಿಲೇರಿದ ಮೇಲೆ ನೆಲದ ಬಿಸಿಗಾಳಿಗೆ ದೂರದ ಹಕ್ಕಿ ನೀರಿನೊಳಗೆ ಇದ್ದಂತೆ ಕುಣಿಯುತ್ತದೆ, ಆಗ ಎಷ್ಟು ಬೆಲೆಯ ಗಾಜಾದರೂ ಒಂದೇ. ಹತ್ತೂವರೆಯೊಳಗೆ ಸ್ಕೋಪಿನ ಕೆಲಸ ಮುಗಿಸಿ. ಟ್ರೈಪಾಡಿನ ಕಾಲು ಪೂರ್ತಿ ಎಳೆಯದೆ ಹುಡುಗಿಯ ಕಣ್ಣಿನ ಮಟ್ಟಕ್ಕೆ ಇಡಿ, ಗಾಳಿಗೂ ಒಳ್ಳೆಯದು, ದೊಡ್ಡವರು ಬಗ್ಗಿ ನೋಡಬಹುದು. ಚೀಲ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಗಾಳಿಗೆ ಓಲಾಡುವ ಚೀಲ ಸ್ಕೋಪನ್ನೂ ಓಲಾಡಿಸುತ್ತದೆ.

ಎಂಟು ಜನರಿಗೆ ಒಂದು ಸ್ಕೋಪ್ ಇದ್ದಾಗ ತೊಂದರೆ ಆಗುವುದು ಸರದಿಯಲ್ಲಿ. ನಾಲ್ಕನೆಯವರು ಬರುವಷ್ಟರಲ್ಲಿ ಹಕ್ಕಿ ಈಜಿಹೋಗಿರುತ್ತದೆ. ಕೂತ ಹಕ್ಕಿಗೆ ಮಾತ್ರ ಸ್ಕೋಪ್ ಹಾಕಿ, ಈಜುವ ಗುಳುಮುಳುಕಕ್ಕೆ ಬೇಡ. ಸ್ಕೋಪಿಗೆ ಅಲ್ಲಿ ಅತ್ಯುತ್ತಮ ಕೆಲಸ ಅಂದರೆ ಪ್ರವಾಸಿ ಕೇಂದ್ರದ ಹತ್ತಿರವೇ ನಿಂತಿರುವ ಆಡ್‌ಬಾಲ್. ಅದು ಗಣಿಯಲ್ಲಿ ಮಣ್ಣು ತೆಗೆಯುತ್ತಿದ್ದ, ಬ್ಯುಸೈರಸ್ ಈರಿ 1150 ಅನ್ನುವ ನಡೆಯುವ ಡ್ರ್ಯಾಗ್‌ಲೈನ್ ಯಂತ್ರ, ಈಗ ಸ್ಮಾರಕ. ಅದರ ಕಬ್ಬಿಣದ ಸಂದುಗಳಲ್ಲಿ ಲಿಟಲ್ ಔಲ್ ಕೂರುತ್ತದೆ. ನಮ್ಮ ಹಾಲಕ್ಕಿಯ ಹತ್ತಿರದ ಬಂಧು, ಗಾತ್ರವೂ ಸುಮಾರು ಅಷ್ಟೇ, ಹಳದಿ ಕಣ್ಣು, ಬಿಳಿ ಹುಬ್ಬು. ತುಕ್ಕಿನ ಬಣ್ಣಕ್ಕೂ ಅದರ ಮೈಬಣ್ಣಕ್ಕೂ ವ್ಯತ್ಯಾಸ ಕಡಿಮೆ, ಬರಿಗಣ್ಣಲ್ಲಿ ಎದುರಿಗಿದ್ದರೂ ತಪ್ಪಿಹೋಗುತ್ತದೆ. ತೊಲೆಗಳು ಸೇರುವ ಮೂಲೆ, ಕಿಂಡಿಯ ಅಂಚು, ಮೆಟ್ಟಿಲಿನ ಕೆಳಗೆ, ಹೀಗೆ ಎಡದಿಂದ ಬಲಕ್ಕೆ ಒಂದೊಂದು ಸಾಲು ಮಾಡಿ ಸ್ಕೋಪಿನಲ್ಲಿ ಸವರಿಕೊಂಡು ಹೋಗಿ. ಬಿಳಿ ಹಿಕ್ಕೆ ಇಳಿದ ಗೆರೆ ಕಂಡರೆ ಅದರ ಮೇಲೆ ನೋಡಿ. ಬಿಸಿಲು ಬೀಳುವ, ಗಾಳಿ ತಾಗದ ಬದಿ ಮೊದಲು.

ಹೊಳೆದಂಡೆ:

ತುಂಬ ಉಪಕಾರವಾಯಿತು. ಹಿರಿಯರಿಗೆ ಹಾಲಕ್ಕಿಯ ನೆಂಟನ ಸುದ್ದಿ ಹೇಳಿದೆ, ಅದನ್ನೇ ಮೊದಲು ನೋಡಬೇಕಂತೆ. ಇನ್ನೆರಡು ಪ್ರಶ್ನೆ. ಜೊಂಡಿನೊಳಗಿನ ಕೂಗುಗಳನ್ನು ಮರ್ಲಿನ್ ಆ್ಯಪ್ ನಂಬಿ ಗುರುತಿಸಬಹುದೇ? ಮತ್ತೆ ಗುಂಪಿನ ನಾಲ್ವರು ರೈಲಿನಲ್ಲಿ ಬರುವವರಿದ್ದಾರೆ, ಅವರು ಯಾವ ಕಡೆಯಿಂದ ಬಂದು ಸೇರಬೇಕು?

ಉಲಿಯಕ್ಕಿ ಉತ್ತರ:

ಆ್ಯಪನ್ನು ಸುಳಿವು ಅಂತ ಇಟ್ಟುಕೊಳ್ಳಿ, ತೀರ್ಪು ಅಂತ ಅಲ್ಲ. ಗಾಳಿ ನೇರ ಫೋನಿನ ಮೈಕಿಗೆ ಹೊಡೆದರೆ ಅದು ಏನನ್ನೂ ಹಿಡಿಯುವುದಿಲ್ಲ, ಬೆನ್ನು ಗಾಳಿಗೆ ಕೊಟ್ಟು ಫೋನನ್ನು ಎದೆಯ ಮುಂದೆ ಹಿಡಿಯಿರಿ. ಬಿಟರ್ನ್ ಕೂಗು ತೀರ ಕೆಳಸ್ವರ, ಫೋನಿನ ಮೈಕು ಅಷ್ಟು ಕೆಳಗಿನದನ್ನು ಸರಿಯಾಗಿ ಹಿಡಿಯದು. ನಿಮ್ಮ ಕಿವಿಗೆ ಕೇಳಿಸಿಯೂ ಪರದೆ ಸುಮ್ಮನಿದ್ದರೆ ಕಿವಿಯನ್ನೇ ನಂಬಿ.

ಬಿಟರ್ನ್ ಕೂಗು ಹೇಗಿರುತ್ತದೆ ಅಂದರೆ, ಖಾಲಿ ಬಿಂದಿಗೆಯ ಬಾಯಿಗೆ ತುಟಿಯಿಟ್ಟು ಊದಿದ ಹಾಗೆ. ಮೊದಲು ಎರಡು ಮೂರು ಸಲ ಉಸಿರು ಎಳೆದುಕೊಳ್ಳುವ ಸಣ್ಣ ಸದ್ದು, ಅದು ಹತ್ತಿರವಿದ್ದರೆ ಮಾತ್ರ ಕೇಳಿಸುತ್ತದೆ. ಆಮೇಲೆ ‘ಊಂಪ್’. ಒಂದೆರಡು ಕ್ಷಣ ಬಿಟ್ಟು ಮತ್ತೆ ಅದೇ. ನಿಶ್ಶಬ್ದದ ಮುಂಜಾವಿನಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಹಾಗಾಗಿ ಎಲ್ಲಿಂದ ಅಂತ ದಿಕ್ಕು ಹಿಡಿಯುವುದು ಕಷ್ಟ. ಇಬ್ಬರು ಐವತ್ತು ಹೆಜ್ಜೆ ದೂರ ನಿಂತು, ಕೂಗು ಬಂದ ಕಡೆಗೆ ಒಂದೇ ಸಲ ಕೈ ಚಾಚಿ. ಎರಡು ಕೈಗೆರೆ ಕೂಡುವ ಕಡೆ ಹಕ್ಕಿ ಇದೆ.

ಕಾಣುವ ಬಗ್ಗೆ: ಮೇ ಮೊದಲ ವಾರ ತುಸು ಬೇಗವೇ, ಆದರೂ ಆಸೆ ಬಿಡಬೇಡಿ. ಗಂಡು ಕೂಗುವುದಷ್ಟೇ, ಮರಿ ಸಾಕುವುದು ಹೆಣ್ಣೊಂದೇ. ಮರಿಗಳಾದ ಮೇಲೆ, ಮೇ ನಡುವಿನಿಂದ ಜೂನ್ ತನಕ, ಹೆಣ್ಣು ಗೂಡಿಗೂ ಮೇವಿನ ಜಾಗಕ್ಕೂ ಒಂದೇ ಗೆರೆಯಲ್ಲಿ ಹೋಗಿಬಂದು ಮಾಡುತ್ತದೆ. ಜೊಂಡಿನ ತುದಿಗೆ ಮೂರು ನಾಲ್ಕು ಮೀಟರ್ ಮೇಲೆ, ಗೂಬೆಯ ಹಾಗೆ ಅಗಲ ರೆಕ್ಕೆ, ಕಂದು ಬಣ್ಣ, ಕಾಲು ಹಿಂದೆ ಚಾಚಿರುತ್ತದೆ. ಎಂಟು ಹತ್ತು ಸೆಕೆಂಡಿನಲ್ಲಿ ಮತ್ತೆ ಜೊಂಡಿಗೆ ಇಳಿದುಬಿಡುತ್ತದೆ. ಒಮ್ಮೆ ಹಾರಿದ ಗೆರೆ ನೆನಪಿಟ್ಟು ಅದೇ ಕಡೆ ನಲವತ್ತು ನಿಮಿಷ ನಿಲ್ಲಿ. 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಕೂಗುವ ಗಂಡು ಉಳಿದಿದ್ದದ್ದು 11. ಈಗ ಇನ್ನೂರು ದಾಟಿದೆ, ಮತ್ತು ಅದಕ್ಕೆ ಕಾರಣವಾದ ಜೊಂಡಿನಲ್ಲಿ ಒಳ್ಳೆಯ ಪಾಲು ಹೀಗೆ ಗಣಿ, ಪೀಟ್ (ಜೌಗಿನ ಸಸ್ಯ ಕೊಳೆತು ಆದ ಮಣ್ಣು) ತೆಗೆದ ಗುಂಡಿಗಳಲ್ಲಿ ಹೊಸದಾಗಿ ಬೆಳೆಸಿದ್ದು.

ಆದರೆ ಜೊಂಡು ಬೆಳೆಸಿ ಬಿಟ್ಟರೆ ಆಗುವುದಿಲ್ಲ. ಪ್ರತಿ ವರ್ಷ ಒಣಗಿದ ಎಲೆ ಬುಡದಲ್ಲಿ ಬಿದ್ದು ಹೂಳು ಕಟ್ಟುತ್ತದೆ, ನೀರು ತೆಳುವಾಗುತ್ತದೆ, ಆಮೇಲೆ ವಿಲ್ಲೋ ಗಿಡ ಎದ್ದು ಜೊಂಡು ಒಣನೆಲ ಆಗುತ್ತದೆ. ಮೀನಿಲ್ಲದ ಜೊಂಡಿನಲ್ಲಿ ಬಿಟರ್ನ್ ನಿಲ್ಲದು. ಅದಕ್ಕೆ ಚಳಿಗಾಲದಲ್ಲಿ ಭಾಗ ಭಾಗ ಕೊಯ್ದು ಹೊರಸಾಗಿಸುತ್ತಾರೆ, ತೂಬಿನಲ್ಲಿ ನೀರಿನ ಮಟ್ಟ ಏರಿಸಿ ಇಳಿಸುತ್ತಾರೆ. ಎತ್ತರದ ಜೊಂಡಿನ ನಡುವೆ ಗಿಡ್ಡ ಹಸಿರು ಪಟ್ಟೆ ಕಂಡರೆ ಅದು ಕೊಯ್ದ ಜಾಗ. ಬಿಟರ್ನ್ ಅಂಚಿಗೆ ಬಂದು ಮೀನಿಗೆ ಕಾಯುವುದು ಅಲ್ಲೇ ಹೆಚ್ಚು.

ಸಣ್ಣ ಹಕ್ಕಿಗಳ ಕೂಗು. ಸೆಜ್ ವಾರ್ಬ್ಲರ್ ಅವಸರದಲ್ಲಿ ಜಗಳವಾಡುವ ಹಾಗೆ ಒಂದಕ್ಕೊಂದು ಸಂಬಂಧವಿಲ್ಲದ ಸ್ವರ ಎಸೆಯುತ್ತದೆ, ನಡುವೆ ಮೇಲಕ್ಕೆ ಚಿಮ್ಮಿ ಹಾಡುತ್ತ ಇಳಿಯುತ್ತದೆ, ಕಣ್ಣಿನ ಮೇಲೆ ದಪ್ಪ ಬಿಳಿ ಹುಬ್ಬು. ರೀಡ್ ವಾರ್ಬ್ಲರ್ ಜೊಂಡಿನೊಳಗೇ ಕೂತು ಒಂದೇ ತಾಳದಲ್ಲಿ ‘ಚುರ್ ಚುರ್, ಚಕ್ ಚಕ್ ಚಕ್’ ಎಂದು ಪ್ರತಿ ಸ್ವರವನ್ನೂ ಎರಡು ಮೂರು ಸಲ ಹೇಳಿ ಮುಂದೆ ಹೋಗುತ್ತದೆ. ಆ್ಯಪ್ ಹೆಚ್ಚು ತಪ್ಪುವುದು ಇವೆರಡರ ನಡುವೆ, ಅದರಲ್ಲೂ ಎರಡೂ ಒಟ್ಟಿಗೆ ಹಾಡುವಾಗ. ಕಿವಿಯ ಪಕ್ಕದಲ್ಲೇ ಪಟಾಕಿ ಸರ ಹಚ್ಚಿದಂತೆ ಒಂದೇ ಸಲ ಸಿಡಿದು ನಿಂತುಹೋದರೆ ಸೆಟ್ಟಿಸ್ ವಾರ್ಬ್ಲರ್. ಅದನ್ನು ನೋಡಲು ಕಾಯುವುದು ಸಮಯದ ನಷ್ಟ.

ಬಿಯರ್ಡೆಡ್ ಟಿಟ್ ಸದ್ದು ‘ಪಿಂಗ್, ಪಿಂಗ್’, ಸಣ್ಣ ಲೋಹದ ತಂತಿ ಮೀಟಿದಂತೆ. ಗಾಳಿ ಇದ್ದ ದಿನ ಅದು ಜೊಂಡಿನ ಬುಡ ಬಿಟ್ಟು ಮೇಲೆ ಬರುವುದಿಲ್ಲ. ಗಾಳಿ ಜೋರಿದ್ದರೆ ಇದನ್ನು ಪಟ್ಟಿಯಿಂದ ತೆಗೆದುಹಾಕಿ.

ಒಂದು ವಿನಂತಿ, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಬಿಟರ್ನ್, ಕಪ್ಪುಕತ್ತಿನ ಗುಳುಮುಳುಕ, ಜೌಗು ಸೆಳೆವ, ಬಿಯರ್ಡೆಡ್ ಟಿಟ್, ಚಮಚದ ಕೊಕ್ಕು (ಸ್ಪೂನ್‌ಬಿಲ್) ಎಲ್ಲವೂ ಅಲ್ಲಿನ 1981ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಗೂಡಿನ ಹೊತ್ತಿನಲ್ಲಿ ಬೇಕೆಂದು ಅಥವಾ ಅಜಾಗರೂಕತೆಯಿಂದ ಕದಡುವುದು ಅಪರಾಧ.

ಏರ್ ದಂಡೆ ಉತ್ತರ:

ರೈಲಿನವರು ಲೀಡ್ಸ್‌ನಿಂದ ಕ್ಯಾಸಲ್‌ಫರ್ಡ್ ಕಡೆಗಿನ ಗಾಡಿ ಹಿಡಿದು ವುಡ್ಲ್ಸ್‌ಫರ್ಡ್‌ನಲ್ಲಿ ಇಳಿಯಲಿ. ಅಲ್ಲಿಂದ ದೋಣಿ ಕಾಲುವೆಯ ದಂಡೆ ಹಿಡಿದು ಲೆಮನ್‌ರಾಯ್ಡ್ ಲಾಕ್ (ದೋಣಿಗಳನ್ನು ಬೇರೆ ಮಟ್ಟಕ್ಕೆ ಏರಿಸಿ ಇಳಿಸುವ ಗೇಟಿನ ಕಟ್ಟೆ) ತನಕ ಸಮತಟ್ಟು ದಾರಿ. 1988ರ ಕುಸಿತದ ಮೇಲೆ ಕಾಲುವೆ ಹೊಸದಾಗಿ ತೋಡಿದಾಗ ಹಳೆಯ ಎರಡು ಲಾಕ್‌ಗಳ ಬದಲಿಗೆ ಕಟ್ಟಿದ ಒಂದೇ ಲಾಕ್ ಅದು, ಗೋಡೆಯ ಎತ್ತರ ನೋಡಿದರೆ ತಿಳಿಯುತ್ತದೆ. ಅಲ್ಲಿಂದ ನದಿ ಕಡೆಯಿಂದಲೇ ಒಳಗೆ ಬರಬಹುದು. ಈ ದಾರಿಯಲ್ಲಿ ಬೆಳಿಗ್ಗೆ ಬೆಳಕು ಎದುರಿಗೆ ಇರುತ್ತದೆ, ಆದರೆ ಕಾಲುವೆಯಲ್ಲಿ ಮಿಂಚುಳ್ಳಿ ಸಿಗುವ ಸಾಧ್ಯತೆ ಚೆನ್ನಾಗಿದೆ, ಅದೂ ನಮ್ಮೂರಿನ ಸಣ್ಣ ಮಿಂಚುಳ್ಳಿಯೇ. ಎರಡೂ ಗುಂಪು ಕಾಸ್‌ವೇ ಹತ್ತಿರ ಸೇರುವುದು ಅಂತ ಮಾತಾಡಿಕೊಳ್ಳಿ. ಹಿರಿಯರು ಕಾರಿನಲ್ಲಿ ಗ್ರೇಟ್ ಪ್ರೆಸ್ಟನ್ ಕಡೆಯ ಆ್ಯಸ್ಟ್ಲಿ ಲೇನ್‌ನಿಂದ ಬರಲಿ. ಕಾರು ನಿಲುಗಡೆಯ ಗೇಟಿನ ಸಮಯ, ಶುಲ್ಕ ಎರಡನ್ನೂ ಹಿಂದಿನ ದಿನ ಆರ್‌ಎಸ್‌ಪಿಬಿ ಪುಟದಲ್ಲಿ ನೋಡಿಕೊಳ್ಳಿ. ಆ ವಾರ ಸೂರ್ಯ ಹುಟ್ಟುವುದು ಐದೂವರೆಗೆ, ಗೇಟು ಅಷ್ಟು ಬೇಗ ತೆರೆಯುವ ನಿರೀಕ್ಷೆ ಬೇಡ.

ಮೇ ಮೊದಲ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ನಾಯಿ, ಸೈಕಲ್, ಮಕ್ಕಳ ಗಾಡಿ ಎಲ್ಲ ಬರುತ್ತವೆ, ದಾರಿ ಎಲ್ಲರದು. ಸಾಧ್ಯವಿದ್ದರೆ ವಾರದ ಮಧ್ಯೆ ಹೋಗಿ.

ಏರ್ ನದಿ ಉಕ್ಕಿದರೆ ಕೆಳಗಿನ ದಾರಿ ನೀರಿಗೆ ಸಿಗುತ್ತದೆ, ಮೇಲಿನಿಂದ ನೋಡಿದಾಗ ಗೊತ್ತಾಗದು. ಹಿಂದಿನ ಎರಡು ದಿನ ಮಳೆಯಾಗಿದ್ದರೆ ಪ್ರವಾಸಿ ಕೇಂದ್ರದಲ್ಲಿ ಕೇಳದೆ ಇಳಿಯಬೇಡಿ. ಮುಚ್ಚಿದ ದಾರಿಗೆ ಅಡ್ಡ ಕಟ್ಟಿದ ಹಗ್ಗ ದಾಟುವವರನ್ನು ನೋಡಿ ಹಿಂಬಾಲಿಸಬೇಡಿ: ತುಂಬಿದ ಮಣ್ಣು, ಅಂಚು ಎಲ್ಲಿ ಮೆತ್ತಗಿದೆ ಎಂದು ಹೇಳಲಾಗುವುದಿಲ್ಲ.

ಬಟ್ಟೆ: ಬಿಸಿಲು ಕಂಡರೂ ಬೆಳಿಗ್ಗೆ ಐದಾರು ಡಿಗ್ರಿ ಇರಬಹುದು, ಗಾಳಿಗೆ ಮರೆಯೇ ಇಲ್ಲ. ಹಿರಿಯರಿಗೆ ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್, ಬೆರಳು ತೆರೆದ ಕೈಗವಸು, ಕಿವಿ ಮುಚ್ಚುವ ಟೋಪಿ. ಕುಳಿತುಕೊಳ್ಳಲು ಮಡಚುವ ಸ್ಟೂಲ್ ಎರಡು. ದಾರಿಯಂಚಿನ ನೆಟ್ಟಲ್ ಗಿಡ ನಮ್ಮ ತುರಿಕೆ ಸೊಪ್ಪಿನ ಹಾಗೆ ಸುಡುತ್ತದೆ, ಹುಡುಗಿಗೆ ಉದ್ದ ಪ್ಯಾಂಟು ಹಾಕಿಸಿ. ಶೌಚಾಲಯ ಪ್ರವಾಸಿ ಕೇಂದ್ರದಲ್ಲಿದೆ, ಇಳಿಯುವ ಮೊದಲು ಹೋಗಿ ಬನ್ನಿ, ಮತ್ತೆ ಹತ್ತುವುದು ದೂರ.

ಜುಟ್ಟಿನಕ್ಕಿ:

ಉಲಿಯಕ್ಕಿಯವರ ಮಾತಿಗೆ ಒಂದು ತಿದ್ದುಪಡಿ. ದಿನಾಂಕ ಬದಲಿಸುವ ಅವಕಾಶ ಇದ್ದರೆ ಬಿಟರ್ನ್ ಹಾರಾಟಕ್ಕೆಂದು ಜೂನ್ ತನಕ ತಳ್ಳಬೇಡಿ. ಜೊಂಡಿನ ಹೊಸ ಚಿಗುರು ಮೇ ಕೊನೆಗೆ ಆಳೆತ್ತರ ಬೆಳೆದು ಕಾಸ್‌ವೇಯಿಂದ ನೀರೇ ಕಾಣದಂತೆ ಮುಚ್ಚುತ್ತದೆ. ಮೊದಲ ವಾರ ಹಳೆಯ ಒಣ ಜೊಂಡಿನ ನಡುವೆ ಕಿಂಡಿಗಳಿರುತ್ತವೆ, ಹಿರಿಯರಿಗೂ ಹುಡುಗಿಗೂ ಅದೇ ಒಳ್ಳೆಯದು. ಮೇಲಾಗಿ ಬಾನಾಡಿಗಳು (ಸ್ವಿಫ್ಟ್) ಆಗಷ್ಟೇ ಬಂದಿರುತ್ತವೆ, ಮಳೆಮೋಡ ಕೆಳಗಿಳಿದ ದಿನ ನೀರಿನ ಮೇಲೆ ತಲೆ ಸವರುವಂತೆ ಹಾರುತ್ತವೆ, ಅವುಗಳ ಬೆನ್ನಿಗೆ ಹಾಬಿ ಚಾಣ ಬರುತ್ತದೆ. ಜುಲೈ, ಆಗಸ್ಟ್ ಅಂತೂ ಬೇಡವೇ ಬೇಡ: ಗಂಡು ಬಾತುಗಳು ಗರಿ ಉದುರಿಸಿ ಹೆಣ್ಣಿನ ಬಣ್ಣಕ್ಕೆ ತಿರುಗಿರುತ್ತವೆ, ಹೊಸಬರಿಗೆ ಎಲ್ಲವೂ ಒಂದೇ ಕಂದು.

ಉಲಿಯಕ್ಕಿ:

ಸರಿ, ಜೊಂಡಿನ ಎತ್ತರ ಮರೆತಿದ್ದೆ. ಮೇ ಮೊದಲ ವಾರವೇ ಇರಲಿ.

ಕೋಡಿಹಳ್ಳ:

ಇನ್ನೆರಡು. ಚಮಚದ ಕೊಕ್ಕು ಕಂಡರೆ ಹಿರಿಯರಿಗೆ ತಕ್ಷಣ ಗುರುತು ಸಿಗುತ್ತದೆ, ರಂಗನತಿಟ್ಟಿನದೇ ಜಾತಿ. ಪಕ್ಕದ ಫೇರ್‌ಬರ್ನ್ ಇಂಗ್ಸ್‌ನಲ್ಲಿ 2017ರಲ್ಲಿ ಅವು ಗೂಡು ಮಾಡಿದವು, ಅದೂ ಕಲ್ಲಿದ್ದಲು ಗಣಿಯಿಂದ 'ನೆಲ ಕುಸಿದು' ಆದ ಜೌಗೇ. ಮಲಗಿದ ಬಿಳಿ ಹಕ್ಕಿ ಬೆಳ್ಳಕ್ಕಿಯೋ ಇದೋ ಗೊತ್ತಾಗದಿದ್ದರೆ ನಿಲುವು ನೋಡಿ. ಬೆಳ್ಳಕ್ಕಿ ಕತ್ತು ಕುಗ್ಗಿಸಿ ನಿಲ್ಲುತ್ತದೆ. ಇದು ಮೈಯನ್ನು ಅಡ್ಡಲಾಗಿ ಇಟ್ಟು ಕೊಕ್ಕನ್ನು ಬೆನ್ನೊಳಗೆ ಹುದುಗಿಸಿ ಗಂಟೆಗಟ್ಟಲೆ ಮಲಗುತ್ತದೆ. ಎದ್ದಾಗ ಕೊಕ್ಕನ್ನು ಅರೆತೆರೆದು ನೀರಿನಲ್ಲಿ ಎಡಬಲಕ್ಕೆ ಬೀಸುತ್ತ ಹೋಗುತ್ತದೆ. ಹಾರುವಾಗ ಕತ್ತು ನೇರ ಚಾಚಿರುತ್ತದೆ, ಬೆಳ್ಳಕ್ಕಿಯದು ಮಡಚಿರುತ್ತದೆ.

ಇ-ಬರ್ಡ್‌ನಲ್ಲಿ (ಹಕ್ಕಿ ದಾಖಲೆಯ ಜಾಲತಾಣ) ಪಟ್ಟಿ ಹಾಕುವುದಾದರೆ ಆಡ್‌ಬಾಲ್ ಹತ್ತಿರದ್ದು ಒಂದು, ಕೆಳಗಿನ ನಡಿಗೆಯದ್ದು ಇನ್ನೊಂದು ಅಂತ ಬೇರೆ ಮಾಡಿ. ಹೋದ ದಾರಿಯಲ್ಲೇ ಮರಳಿದರೆ ಒಂದು ಕಡೆಯ ದೂರ ಮಾತ್ರ ಬರೆಯಿರಿ, ಮರಳುವಾಗ ಕಂಡ ಅದೇ ಹಕ್ಕಿಗಳನ್ನು ಮತ್ತೆ ಎಣಿಸಬೇಡಿ. ನಾಮದ ಕೋಳಿ, ಗಲ್‌ಗಳನ್ನು ಹತ್ತು ಹತ್ತರ ಗುಂಪಾಗಿ ಎಣಿಸಿ, ಸಂಖ್ಯೆ ಹಾಕಿ. ಗುಳುಮುಳುಕದ ಗೂಡು ಕಂಡಿದ್ದರೆ ಅದರ ಜಾಗವಾಗಲಿ, ಹಿನ್ನೆಲೆ ಗುರುತಾಗುವ ಫೋಟೋವಾಗಲಿ ಹಾಕಬೇಡಿ, ವಾಟ್ಸ್‌ಆ್ಯಪ್ ಗುಂಪಿಗೂ ಬೇಡ. ಕಂಡದ್ದನ್ನು ಪ್ರವಾಸಿ ಕೇಂದ್ರದಲ್ಲಿರುವವರಿಗೆ ಬಾಯಲ್ಲಿ ಹೇಳಿ ಬನ್ನಿ.